ಬಿಪಿಟಿ ಮಾಡಿದವರು ಅಮೆರಿಕದಲ್ಲಿ ಪಿಟಿಎ ಆಗಬಹುದಾ? ಮೆಡಿಕೇರ್ 15% ಕಟ್‌ನಿಂದ ಕೆಲಸ ಸಿಗಲ್ಲ ಅನ್ನೋದು ನಿಜಾನಾ?

ಹಾಸನ_ಟು_ಡಾಲಸ್:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಅಲ್ಲೇ ಒಂದು ಆಸ್ಪತ್ರೆಯ ಆರ್ಥೋ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಮದುವೆಯಾದ ಮೇಲೆ ಟೆಕ್ಸಾಸ್‌ಗೆ ಬಂದಿದ್ದೇನೆ, ಎಚ್4 ವೀಸಾ (ಎಚ್1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವಂಥದ್ದು), ಇಎಡಿ ಅಂದರೆ ಕೆಲಸದ ಅನುಮತಿ ಪತ್ರ ಈಗಷ್ಟೇ ಕೈಗೆ ಬಂದಿದೆ. ಇಲ್ಲಿ ಪಿಟಿ (ಫಿಸಿಕಲ್ ಥೆರಪಿಸ್ಟ್) ಲೈಸೆನ್ಸ್ ತಗೊಳ್ಳೋಕೆ ನನ್ನ ಕೋರ್ಸಿನಲ್ಲಿ ಕೆಲವು ವಿಷಯ ಕಡಿಮೆ ಬೀಳುತ್ತವೆ, ಅದನ್ನೆಲ್ಲ ಓದಿ ತುಂಬಿಸಬೇಕು ಅಂತ ಗೊತ್ತಾಯ್ತು. ಹಾಗಾಗಿ ಮೊದಲು ಪಿಟಿಎ, ಅಂದರೆ ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್ ಆಗಿ ದುಡಿಮೆ ಶುರು ಮಾಡಿದರೆ ಹೇಗೆ ಅಂತ ಯೋಚನೆ. ಆದರೆ ಪರಿಚಯದವರೊಬ್ಬರು "ಪಿಟಿಎ ಮಾಡಿದ ಕೆಲಸಕ್ಕೆ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರ ಸರ್ಕಾರಿ ಆರೋಗ್ಯ ವಿಮೆ) ಪಿಟಿಗೆ ಕೊಡುವುದರ 85% ಮಾತ್ರ ಕೊಡುತ್ತೆ, ಅದಕ್ಕೇ ಕ್ಲಿನಿಕ್‌ನವರು ಪಿಟಿಎಗಳನ್ನ ತಗೊಳ್ತಿಲ್ಲ, ಸುಮ್ನೆ ಟೈಮ್ ವೇಸ್ಟ್" ಅಂದುಬಿಟ್ಟರು. ಇದು ನಿಜಾನಾ? ಲೈಸೆನ್ಸ್‌ಗೆ ಎರಡು ವರ್ಷದ ಕೋರ್ಸು ಮತ್ತೆ ಓದಲೇಬೇಕಾ, ಇಲ್ಲಾ ಬಿಪಿಟಿ ಮೇಲೆಯೇ ಪರೀಕ್ಷೆ ಬರೆಯಬಹುದಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಓಹಾಯೋ_ಕನ್ನಡತಿ:

ನಾನು ಪಿಟಿಎ, ನರ್ಸಿಂಗ್ ಹೋಮ್‌ನಲ್ಲಿ ಕೆಲಸ. ಕೆಲಸ ಸಿಗಲ್ಲ ಅನ್ನೋದು ಸುಳ್ಳು. 15% ಕಟ್ ಇರೋದು ನಿಜ, ಆದರೆ ಅದು ಮೆಡಿಕೇರ್ ಪಾರ್ಟ್ ಬಿ (ಹೆಚ್ಚಾಗಿ ಹೊರರೋಗಿ ಚಿಕಿತ್ಸೆಯ ಭಾಗ) ಬಿಲ್ಲುಗಳಿಗೆ ಮಾತ್ರ. ಆಸ್ಪತ್ರೆಯಿಂದ ಬಿಡುಗಡೆಯಾಗಿ ನಮ್ಮಲ್ಲಿಗೆ ಪಾರ್ಟ್ ಎ (ಆಸ್ಪತ್ರೆ ಮತ್ತು ಅದರ ನಂತರದ ಆರೈಕೆಯ ಭಾಗ) ಮೇಲೆ ಬರುವ ರೋಗಿಗಳಿದ್ದಾರಲ್ಲ, ಅವರಿಗೆ ದಿನದ ಲೆಕ್ಕದಲ್ಲಿ ದುಡ್ಡು ಬರುತ್ತೆ, ಅಲ್ಲಿ ಪಿಟಿ ಮಾಡಿದರಾ ಪಿಟಿಎ ಮಾಡಿದರಾ ಅಂತ ಕಟ್ ಇಲ್ಲ. ಪಾರ್ಟ್ ಎ ಹೋಮ್ ಹೆಲ್ತ್‌ನಲ್ಲೂ (ಮನೆಗೇ ಬಂದು ಕೊಡುವ ಆರೈಕೆ) ಇಲ್ಲ. ಹೊಡೆತ ಬಿದ್ದಿರೋದು ಹೆಚ್ಚಾಗಿ ಹೊರರೋಗಿಗಳ ಕ್ಲಿನಿಕ್‌ಗಳಿಗೆ, ಅದರಲ್ಲೂ 65 ದಾಟಿದವರೇ ಜಾಸ್ತಿ ಬರುವಂಥ ಕಡೆ.

ದುಡ್ಡಿಗಿಂತ ಮೊದಲು ನೀವು ಯೋಚಿಸಬೇಕಾದ್ದು ಇನ್ನೊಂದಿದೆ. ಊರಲ್ಲಿ ನೀವೇ ರೋಗಿಯನ್ನ ನೋಡಿ, ನೀವೇ ಟ್ರೀಟ್‌ಮೆಂಟ್ ನಿರ್ಧಾರ ಮಾಡುತ್ತಿದ್ದಿರಿ ಅಲ್ವಾ? ಇಲ್ಲಿ ಪಿಟಿಎಗೆ ಅದು ಇಲ್ಲ. ಮೊದಲ ಇವ್ಯಾಲ್ಯುಯೇಶನ್ ಪಿಟಿದು, ಪ್ಲಾನ್ ಪಿಟಿದು, ಮೆಡಿಕೇರ್‌ನಲ್ಲಿ ಪ್ರತಿ 10 ಟ್ರೀಟ್‌ಮೆಂಟ್ ದಿನಕ್ಕೊಮ್ಮೆ ಬರೆಯುವ ಪ್ರೋಗ್ರೆಸ್ ರಿಪೋರ್ಟೂ ಪಿಟಿದೇ. ಮೊಣಕಾಲು ಬದಲಿಸಿದ ಅಜ್ಜಿ ಇವತ್ತು ಇನ್ನೊಂದು ಹೆಜ್ಜೆ ಜಾಸ್ತಿ ಹಾಕಬಹುದು ಅನ್ನಿಸಿದರೆ ಪ್ಲಾನ್ ಒಳಗೆ ವ್ಯಾಯಾಮ ಏರಿಸಬಹುದು, ಇಳಿಸಬಹುದು. ಪ್ಲಾನನ್ನೇ ಬದಲಿಸಬೇಕು ಅಂದರೆ ಪಿಟಿಗೆ ಫೋನ್ ಮಾಡಲೇಬೇಕು. ಈ ಕೆಲಸ ನನಗೆ ತುಂಬಾ ಇಷ್ಟ. ಆದರೆ ಬಿಪಿಟಿ ಮಾಡಿ ಬಂದವರಿಗೆ ಮೊದಮೊದಲು ಇದು ಒಳಗೊಳಗೇ ಚುಚ್ಚುತ್ತೆ, ನೋಡಿದ್ದೇನೆ.

ಮೈಸೂರು_ಬಿಲ್ಲಿಂಗ್:

ನಾನು ಮೈಸೂರಿನಲ್ಲಿ ಅಮೆರಿಕದ ಕ್ಲಿನಿಕ್‌ಗಳಿಗೆ ಮೆಡಿಕಲ್ ಬಿಲ್ಲಿಂಗ್ ಮಾಡುವವನು, ನೈಟ್ ಶಿಫ್ಟ್. ಪಿಟಿ ಕ್ಲೇಮುಗಳೇ ನನ್ನ ಪಾಲಿಗೆ ಬರೋದು. ಈ 85% ಬಗ್ಗೆ ಜನ ಅರ್ಧಂಬರ್ಧ ಹೇಳುತ್ತಾರೆ, ಪೂರ್ತಿ ಹೇಳಿಬಿಡುತ್ತೇನೆ.

2018ರ ಬೈಪಾರ್ಟಿಸನ್ ಬಜೆಟ್ ಆಕ್ಟ್‌ನಲ್ಲಿ ಇದು ಬಂತು. 2020 ಜನವರಿಯಿಂದ ಪಿಟಿಎ ಮಾಡಿದ ಸರ್ವಿಸ್‌ಗೆ ಕ್ಲೇಮ್‌ನಲ್ಲಿ ಸಿಕ್ಯೂ ಮಾಡಿಫೈಯರ್, ಅಂದರೆ ಬಿಲ್ ಕೋಡ್ ಜೊತೆ ಎರಡಕ್ಷರದ ಗುರುತು ಹಾಕಬೇಕು ಅಂದರು (ಓಟಿ, ಅಂದರೆ ಆಕ್ಯುಪೇಶನಲ್ ಥೆರಪಿ ಅಸಿಸ್ಟೆಂಟ್‌ಗೆ ಸಿಓ), ದುಡ್ಡು ಕಟ್ ಮಾಡಲು ಶುರು ಮಾಡಿದ್ದು 2022 ಜನವರಿ 1ರಿಂದ. ಕಟ್ ಆಗೋದು ಮೆಡಿಕೇರ್ ಕೊಡುವ ಪಾಲಿನಲ್ಲಿ ಮಾತ್ರ, ರೋಗಿ ಕೊಡುವ 20% ಹಾಗೇ ಇರುತ್ತೆ. ಒಂದು ಯೂನಿಟ್‌ಗೆ (ಸುಮಾರು 15 ನಿಮಿಷದ ಚಿಕಿತ್ಸೆ) 30 ಡಾಲರ್ ಅಂತ ಇಟ್ಟುಕೊಳ್ಳಿ. ರೋಗಿ 6, ಮೆಡಿಕೇರ್ 24. ಆ 24ರಲ್ಲಿ 85% ಅಂದರೆ 20.40. ಒಟ್ಟು ಕ್ಲಿನಿಕ್‌ಗೆ 26.40 ಬರುತ್ತೆ. ಅಂದರೆ ನಿಜವಾದ ನಷ್ಟ 12%, 15 ಅಲ್ಲ. ಪಿಟಿಗೂ ಪಿಟಿಎಗೂ ಸಂಬಳದಲ್ಲಿ ಇರುವ ಅಂತರ ನೋಡಿದರೆ ತುಂಬಾ ಕ್ಲಿನಿಕ್‌ಗಳಿಗೆ ಈಗಲೂ ಲೆಕ್ಕ ಕೂಡುತ್ತೆ.

ಇನ್ನೊಂದು, ಪಿಟಿಎ ಕೈ ಹಾಕಿದ ತಕ್ಷಣ ಇಡೀ ಬಿಲ್ಲಿಗೆ ಸಿಕ್ಯೂ ಬೀಳಲ್ಲ. ಪ್ರತಿ ಸಾಲಿಗೂ ಬೇರೆ ಲೆಕ್ಕ. ಪಿಟಿ 20 ನಿಮಿಷ ಮ್ಯಾನುಯಲ್ ಥೆರಪಿ (97140) ಮಾಡಿ, ಆಮೇಲೆ ಪಿಟಿಎ 15 ನಿಮಿಷ ವ್ಯಾಯಾಮ (97110) ಮಾಡಿಸಿದರೆ ಎರಡನೇ ಸಾಲಿಗೆ ಮಾತ್ರ ಸಿಕ್ಯೂ. ಒಂದೇ ಸರ್ವಿಸ್‌ನಲ್ಲಿ ಪಿಟಿಎ ಪಾಲು 10% ದಾಟದಿದ್ದರೆ ಅದೂ ಬೇಡ. ಇಬ್ಬರೂ ಒಟ್ಟಿಗೆ ನಿಂತು ಒಬ್ಬ ರೋಗಿಯನ್ನ ಏಳಿಸಿ ನಡೆಸಿದರೆ ಆ ನಿಮಿಷಗಳು ಪಿಟಿಯದೇ ಅಂತ ಲೆಕ್ಕ. ನಮಗೆ ತಲೆನೋವು ಎಲ್ಲಿ ಅಂದರೆ, ನೋಟ್‌ನಲ್ಲಿ "35 ನಿಮಿಷ ಟ್ರೀಟ್‌ಮೆಂಟ್" ಅಂತ ಮಾತ್ರ ಬರೆದು ಕಳಿಸುತ್ತಾರೆ. ಯಾರು ಎಷ್ಟು ನಿಮಿಷ ಅಂತ ಇರಲ್ಲ. ಆಗ ನಾವು ಕ್ಲೇಮ್ ನಿಲ್ಲಿಸಿ ವಾಪಸ್ ಕೇಳಬೇಕು, ಅವರಿಗೆ ನೆನಪಿರಲ್ಲ. ಸಿಕ್ಯೂ ಜೊತೆ ಜಿಪಿ ಮಾಡಿಫೈಯರ್ (ಪಿಟಿ ಪ್ಲಾನ್ ಪ್ರಕಾರದ ಚಿಕಿತ್ಸೆ ಅನ್ನುವ ಗುರುತು) ಇಲ್ಲದಿದ್ದರೂ ಕ್ಲೇಮ್ ತಿರುಗಿ ಬರುತ್ತೆ. ನೀವು ಪಿಟಿಎ ಆದರೆ ದಯವಿಟ್ಟು ನಿಮ್ಮ ನಿಮಿಷಗಳನ್ನ ಆಗಾಗಲೇ ಬರೆದಿಡಿ ಮೇಡಂ, ದುಡ್ಡು ನಿಂತಿರೋದು ಅದರ ಮೇಲೆ.

ಪ್ರೈವೇಟ್ ಇನ್ಶೂರೆನ್ಸ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಥರ, ಕಾಂಟ್ರಾಕ್ಟ್ ಓದದೆ ಹೇಳೋಕಾಗಲ್ಲ. ಮಿಲಿಟರಿ ಕುಟುಂಬಗಳ ಟ್ರೈಕೇರ್ ವಿಮೆ ಅಂತೂ 2020ರವರೆಗೆ ಪಿಟಿಎ ಮಾಡಿದ ಕೆಲಸಕ್ಕೆ ದುಡ್ಡೇ ಕೊಡುತ್ತಿರಲಿಲ್ಲ, ಈಗ ಕೊಡುತ್ತೆ.

ಜರ್ಸಿ_ಪಿಟಿ:

ಬಿಲ್ಲಿಂಗ್ ವಿಷಯ ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ಅದಕ್ಕೆ ಒಂದೇ ಸೇರಿಸುತ್ತೇನೆ. ಮೊದಲು ಪ್ರೈವೇಟ್ ಪ್ರಾಕ್ಟೀಸ್‌ನಲ್ಲಿ ಪಿಟಿಎ ಕೆಲಸ ಮಾಡುವಾಗ ಪಿಟಿ ಅದೇ ಆಫೀಸಿನಲ್ಲಿ ಇರಲೇಬೇಕು ಅಂತ ಮೆಡಿಕೇರ್ ನಿಯಮ ಇತ್ತು. ನಾನು ರಜೆ ಹಾಕಿದರೆ ಪಿಟಿಎ ಮೆಡಿಕೇರ್ ರೋಗಿಗಳನ್ನ ಮುಟ್ಟುವ ಹಾಗಿರಲಿಲ್ಲ. 2025 ಜನವರಿಯಿಂದ ಅದು ಸಡಿಲವಾಯ್ತು, ಫೋನಿಗೆ ಸಿಕ್ಕರೆ ಸಾಕು. ಹಾಗಂತ ರಾಜ್ಯದ ಕಾನೂನು ಬಿಗಿ ಇದ್ದರೆ ಅದೇ ನಡೆಯುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಪಿಟಿ ಒಂದೇ ಸಮಯಕ್ಕೆ ಇಬ್ಬರಿಗಿಂತ ಜಾಸ್ತಿ ಪಿಟಿಎಗಳನ್ನ ನೋಡಿಕೊಳ್ಳುವ ಹಾಗಿಲ್ಲ.

ಈಗ ಲೈಸೆನ್ಸ್. ಇಲ್ಲಿ ಓದಿದವರ ದಾರಿ ನೇರ: ಕ್ಯಾಪ್ಟಿ (ಫಿಸಿಕಲ್ ಥೆರಪಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಕಾಲೇಜಿನಲ್ಲಿ ಸುಮಾರು ಎರಡು ವರ್ಷದ ಅಸೋಸಿಯೇಟ್ ಡಿಗ್ರಿ, ಆಮೇಲೆ ಎನ್‌ಪಿಟಿಇ ಅನ್ನುವ ರಾಷ್ಟ್ರಮಟ್ಟದ ಲೈಸೆನ್ಸ್ ಪರೀಕ್ಷೆ. ವರ್ಷಕ್ಕೆ ನಾಲ್ಕು ಸಲ ನಡೆಯುತ್ತೆ, 200ರಿಂದ 800ರ ಸ್ಕೇಲ್‌ನಲ್ಲಿ 600 ಬಂದರೆ ಪಾಸ್. ಜೀವಮಾನದಲ್ಲಿ 6 ಸಲ ಮಾತ್ರ ಬರೆಯಬಹುದು, ಹಾಗಾಗಿ ತಯಾರಿ ಇಲ್ಲದೆ ಕೂರಬೇಡಿ. ಹೊರದೇಶದ ಪಿಟಿ ಡಿಗ್ರಿಯನ್ನ ಪಿಟಿಎ ಓದಿಗೆ ಸಮ ಅಂತ ಒಪ್ಪಿ ಪರೀಕ್ಷೆಗೆ ಬಿಡುವ ರಾಜ್ಯಗಳೂ ಇವೆ, ಬಿಡದ ರಾಜ್ಯಗಳೂ ಇವೆ. ಟೆಕ್ಸಾಸ್‌ನಲ್ಲಿ ಇದೆಲ್ಲ ನೋಡೋದು ಆಸ್ಟಿನ್‌ನಲ್ಲಿರುವ ಪಿಟಿ ಮತ್ತು ಓಟಿ ಎಕ್ಸಿಕ್ಯೂಟಿವ್ ಕೌನ್ಸಿಲ್. ಅವರಿಗೆ ಇಮೇಲ್ ಮಾಡಿ ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ವಾಟ್ಸಾಪ್ ಗ್ರೂಪಿನವರ ಮಾತು ನಂಬಿ ಸಾವಿರಾರು ಡಾಲರ್ ಫೀಸು ಕಟ್ಟಬೇಡಿ. ಟೆಕ್ಸಾಸ್ ಕಾನೂನಿನ ಮೇಲೆ ಬೇರೆ ಒಂದು ಆನ್‌ಲೈನ್ ಪರೀಕ್ಷೆಯೂ ಇದೆ.

ಆದರೆ ನನ್ನ ಅಭಿಪ್ರಾಯ ಕೇಳಿದರೆ ನೀವು ಪಿಟಿ ದಾರಿಯನ್ನೇ ಹಿಡಿಯಿರಿ. ಕಾರಣ ವೀಸಾ. ನಿಮ್ಮ ಇಎಡಿ ನಿಂತಿರೋದು ನಿಮ್ಮ ಗಂಡನ ಸ್ಟೇಟಸ್ ಮೇಲೆ. ನಾಳೆ ನೀವೇ ಸ್ವಂತವಾಗಿ ಎಚ್1ಬಿ ಅಥವಾ ಗ್ರೀನ್ ಕಾರ್ಡ್ ಹಾಕಬೇಕು ಅಂದರೆ, ನರ್ಸ್‌ಗಳ ಜೊತೆ ಶೆಡ್ಯೂಲ್ ಎ (ಸರ್ಕಾರವೇ ಕೊರತೆ ಇದೆ ಅಂತ ಒಪ್ಪಿಕೊಂಡ ಕೆಲಸಗಳ ಪಟ್ಟಿ) ಪಟ್ಟಿಯಲ್ಲಿರೋದು ಪಿಟಿ, ಅದಕ್ಕೆ ಪರ್ಮ್ ಲೇಬರ್ ಸರ್ಟಿಫಿಕೇಶನ್ನಿನ, ಅಂದರೆ ಆ ಕೆಲಸಕ್ಕೆ ಇಲ್ಲಿಯವರು ಸಿಗಲಿಲ್ಲ ಅಂತ ಕಂಪನಿ ತೋರಿಸುವ ಓಡಾಟ ಇಲ್ಲ. ಪಿಟಿಎ ಆ ಪಟ್ಟಿಯಲ್ಲಿ ಇಲ್ಲ. ಅಸೋಸಿಯೇಟ್ ಡಿಗ್ರಿ ಸಾಕು ಅನ್ನುವ ಕೆಲಸಕ್ಕೆ ಎಚ್1ಬಿ ಸಿಗೋದೂ ಕಷ್ಟ. ಭಾರತದವರಿಗೆ ಗ್ರೀನ್ ಕಾರ್ಡ್ ಕ್ಯೂ ಹೇಗಿದ್ದರೂ ಉದ್ದವೇ, ಆದರೂ ಆ ಬಾಗಿಲು ನಿಮ್ಮ ಹೆಸರಲ್ಲೇ ಇರೋದು ಒಳ್ಳೇದು. ಎಫ್‌ಸಿಸಿಪಿಟಿಗೆ (ಹೊರದೇಶದ ಪಿಟಿ ಡಿಗ್ರಿಗಳನ್ನ ಪರಿಶೀಲಿಸುವ ಸಂಸ್ಥೆ) ಟ್ರಾನ್ಸ್‌ಕ್ರಿಪ್ಟ್ ಕಳಿಸಿ ಎಷ್ಟು ಕ್ರೆಡಿಟ್ ಕಡಿಮೆ ಇದೆ ನೋಡಿ. ಯೂನಿವರ್ಸಿಟಿಯಿಂದ ಕಾಗದ ಹೊರಡಿಸೋದೇ ದೊಡ್ಡ ಕೆಲಸ, ಅಪ್ಪ ಅಮ್ಮನೋ ತಮ್ಮನೋ ಜಯನಗರದ ಆಫೀಸಿಗೆ ಹೋಗಿ ಬರುವ ಹಾಗಿದ್ದರೆ ಈಗಲೇ ಹೇಳಿ.

ಹಾಸನ_ಟು_ಡಾಲಸ್:

ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಇನ್ನೊಂದೇ ಪ್ರಶ್ನೆ. ಇಲ್ಲಿ ಹತ್ತಿರದ ಕ್ಲಿನಿಕ್ ಒಂದರಲ್ಲಿ "ಲೈಸೆನ್ಸ್ ಬರುವವರೆಗೆ ಟೆಕ್ (ಲೈಸೆನ್ಸ್ ಇಲ್ಲದ ಸಹಾಯಕಿ) ಆಗಿ ಸೇರಿಕೊಳ್ಳಿ, ನಿಮಗೆ ಅನುಭವ ಇದೆಯಲ್ಲ, ರೋಗಿಗಳಿಗೆ ವ್ಯಾಯಾಮ ನೀವೇ ಮಾಡಿಸಿ, ಬಿಲ್ ನಮ್ಮ ಪಿಟಿ ಹೆಸರಲ್ಲಿ ಹೋಗುತ್ತೆ" ಅಂತ ಕರೆದಿದ್ದಾರೆ. ಒಪ್ಪಿಕೊಳ್ಳಬಹುದಾ?

ಮೈಸೂರು_ಬಿಲ್ಲಿಂಗ್:

ಬೇಡ ಮೇಡಂ. ಟೆಕ್ ಅಥವಾ ಏಡ್ ಮಾಡಿಸಿದ ಕೆಲಸಕ್ಕೆ ಮೆಡಿಕೇರ್ ಪೈಸೆ ಕೊಡಲ್ಲ, ಪಕ್ಕದಲ್ಲಿ ಪಿಟಿ ನಿಂತಿದ್ದರೂ ಕೊಡಲ್ಲ. ಅದನ್ನ ಪಿಟಿ ಮಾಡಿದ್ದು ಅಂತ ಬಿಲ್ ಕಳಿಸಿದರೆ ಅದು ಸುಳ್ಳು ಕ್ಲೇಮ್.

ಜರ್ಸಿ_ಪಿಟಿ:

ಇದನ್ನ ಗಟ್ಟಿಯಾಗಿ ಹೇಳುತ್ತೇನೆ. ಲೈಸೆನ್ಸ್ ಅರ್ಜಿ ಹಾಕುವಾಗ ಬೋರ್ಡು ನಿಮ್ಮ ಹಿಂದಿನದನ್ನೆಲ್ಲ ಕೇಳುತ್ತೆ, ಲೈಸೆನ್ಸ್ ಇಲ್ಲದೆ ಥೆರಪಿ ಕೊಟ್ಟಿದ್ದೀರಿ ಅಂತ ಗೊತ್ತಾದರೆ ಅಲ್ಲೇ ಅಡ್ಡ ಬೀಳುತ್ತೆ. ಕ್ಲಿನಿಕ್‌ನವರು ದಂಡ ಕಟ್ಟಿ ಮುಂದೆ ಹೋಗುತ್ತಾರೆ, ಕೆಡೋದು ನಿಮ್ಮ ಹೆಸರು. ಟೆಕ್ ಕೆಲಸ ಬೇಕೇ ಬೇಕು ಅಂದರೆ ಸೇರಿ, ಆದರೆ ಹಾಟ್ ಪ್ಯಾಕ್ ತಂದುಕೊಡೋದು, ಬೆಡ್ ಒರೆಸೋದು, ರೋಗಿಯನ್ನ ಕರೆದುಕೊಂಡು ಬರೋದು, ಇಷ್ಟಕ್ಕೇ ನಿಲ್ಲಿಸಿ. ಕೆಲಸದ ವಿವರವನ್ನ ಬರವಣಿಗೆಯಲ್ಲಿ ಕೇಳಿ. ಅದನ್ನ ಕೊಡೋಕೆ ಹಿಂದೆಮುಂದೆ ನೋಡಿದರೆ ಆ ಕ್ಲಿನಿಕ್ ಬಿಟ್ಟುಬಿಡಿ.

ಓಹಾಯೋ_ಕನ್ನಡತಿ:

ಅವರು ಹೇಳಿದ್ದು ಸರಿ. ಡಾಲಸ್ ಕಡೆ ದೊಡ್ಡ ಆಸ್ಪತ್ರೆಗಳಲ್ಲಿ ರೀಹ್ಯಾಬ್ ಏಡ್ ಕೆಲಸ ಹುಡುಕಿ. ದೊಡ್ಡ ಕಡೆ ಯಾರು ಏನು ಮಾಡಬಹುದು ಅಂತ ಸಾಮಾನ್ಯವಾಗಿ ಬರೆದಿಟ್ಟಿರುತ್ತಾರೆ, ಪಿಟಿಗಳ ಪರಿಚಯವೂ ಆಗುತ್ತೆ. ಎನ್‌ಪಿಟಿಇಗೆ ಓದಲು ಪುಸ್ತಕ ಬೇಕಾದರೆ ಮೆಸೇಜ್ ಮಾಡಿ, ನನ್ನ ಹತ್ತಿರ ಇರೋದನ್ನ ಕಳಿಸಿಕೊಡುತ್ತೇನೆ.