ಏಳು ಕಲ್ಲಿನ ಓಲೆ, ತಲೆಗೊಂದು ಸಲಹೆ

ಹೆಂಡತಿಗೆ ಏಳು ಕಲ್ಲಿನ ವಜ್ರದೋಲೆ ತರುತ್ತೇನೆ ಅಂತ ಸೀನ ಬಾಯಿಬಿಟ್ಟಿದ್ದೇ ತಡ, ಕಾಫಿ ಆರುವುದರೊಳಗೆ ನಾವೆಲ್ಲ ರತ್ನಪರೀಕ್ಷಕರಾಗಿಬಿಟ್ಟೆವು.

“ಗಾಜಿನ ಮೇಲೆ ಗೀಚಿ ನೋಡು. ಗೀರು ಬಿದ್ದರೆ ಅಸಲಿ,” ಅಂದ ಗೋಪಿ.

“ಬೆಣಚುಕಲ್ಲಿನಲ್ಲಿ ಗೀಚಿದರೂ ಗೀರು ಬೀಳುತ್ತೆ. ಆಮೇಲೆ ಶೋಕೇಸಿನ ಗಾಜಿಗೂ ನಿನ್ನ ಹೆಸರಲ್ಲೇ ಬಿಲ್ಲು,” ಅಂದರು ವನಜಕ್ಕ. ಒಡವೆ ಅಂಗಡಿಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವರು. ನಮ್ಮ ಗುಂಪಿನಲ್ಲಿ ತೂಕವಿರುವುದು ಅವರ ಮಾತಿಗೆ ಮಾತ್ರ.

ಸೀನನ ಮುಖದಲ್ಲಿ ಗೆಲುವು. “ಒಂದು ಕ್ಯಾರಟ್ ಓಲೆ ಅಕ್ಕ! ಒಂದು ಕ್ಯಾರಟ್ ಕಲ್ಲಿಗೆ ನೆಟ್ಟಿನಲ್ಲಿ ಹೇಳೋದಕ್ಕಿಂತ ಎಷ್ಟೋ ಕಮ್ಮಿಗೆ ಕೊಡ್ತಾನೆ. ದೇವರಂಥ ಮನುಷ್ಯ.”

“ಕಿವಿಗೆ ಏಳು, ಎರಡಕ್ಕೆ ಹದಿನಾಲ್ಕು. ಒಂದು ಕ್ಯಾರಟ್ ಅನ್ನೋದು ಅಷ್ಟೂ ಕಲ್ಲಿನ ಒಟ್ಟು ತೂಕ. ಕ್ಯಾರಟ್ಟಿಗೆ ನೂರು ಸೆಂಟು. ಒಂದೊಂದು ಕಲ್ಲು ಏಳು ಸೆಂಟು ಚಿಲ್ಲರೆ. ಒಂದೇ ದೊಡ್ಡ ಕಲ್ಲು ಸಿಗೋದು ಅಪರೂಪ, ಅದಕ್ಕೇ ಅದರ ದರ ಬೇರೆ.”

“ಏಳು ಸೆಂಟು ಜಾಗದಲ್ಲಿ ನಮ್ಮ ಪುತ್ತೂರಿನಲ್ಲಿ ಮನೆ ಕಟ್ಟಿ, ಬಾವಿ ತೋಡಿ, ನಾಲ್ಕು ತೆಂಗಿನ ಸಸಿ ಇಡ್ತಾರೆ,” ಅಂದ ಗೋಪಿ.

ವನಜಕ್ಕ ಕೇಳಿಸದವರಂತೆ ಮುಂದುವರಿಸಿದರು. “ಇಡೀ ಕ್ಯಾರಟ್ ಅಂದರೂ 200 ಮಿಲಿಗ್ರಾಂ. ಅದನ್ನು ಕಳೆದು ಚಿನ್ನ ತೂಗಿದ್ದಾರಾ ನೋಡು. ಇಲ್ಲದಿದ್ದರೆ ಕಲ್ಲಿಗೂ ಚಿನ್ನದ ದರ ಕೊಟ್ಟು ಬರ್ತೀಯ.”

“ಬಣ್ಣ ಡಿ ಅಂತೆ. ಎ ಕೇಳಲೇ?”

“ಎ, ಬಿ, ಸಿ ಇಲ್ಲವೇ ಇಲ್ಲ. ಅವನ್ನೆಲ್ಲ ಹಿಂದೆ ಯಾರ್‍ಯಾರೋ ಬಳಸಿ ಗೋಜಲು ಮಾಡಿದ್ದರು. ಅದಕ್ಕೆ ವಜ್ರಕ್ಕೆ ದರ್ಜೆ ಕೊಡೋ ಅಮೆರಿಕದ ಜಿಐಎ ಸಂಸ್ಥೆ ಡಿಯಿಂದಲೇ ಶುರು ಮಾಡಿತು. ಝಡ್ ಕಡೆ ಹೋದಷ್ಟೂ ಹಳದಿ.”

“ವಿವಿಎಸ್ ಅಂತಲೂ ಅಂದ.”

“ಹತ್ತು ಪಟ್ಟು ದೊಡ್ಡದು ಮಾಡೋ ಮಸೂರದಲ್ಲೂ ಕಲೆ ಕಾಣೋದು ಕಷ್ಟ ಅಂತ ಅರ್ಥ. ಏಳು ಸೆಂಟಿನ ಕಲ್ಲಲ್ಲಿ ಅದನ್ನು ನಿಮ್ಮತ್ತೆಯೂ ಕಂಡುಹಿಡಿಯಲ್ಲ. ಅದಕ್ಕೆ ಜಾಸ್ತಿ ಸುರಿಯಬೇಡ. ಏಳೂ ಕಲ್ಲು ಒಂದೇ ಬಣ್ಣ, ಒಂದೇ ಅಳತೆ ಇದೆಯಾ ನೋಡು. ಒಂದು ಮಂಕಾಗಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತೆ. ಅದಕ್ಕಿಂತ ಮುಖ್ಯ ಕಟ್ಟು, ಅಂದರೆ ಕಲ್ಲು ಕತ್ತರಿಸಿರೋ ರೀತಿ.”

ಇಲ್ಲಿ ನಾನೂ ಬಾಯಿ ಹಾಕಿದೆ. 1851ರಲ್ಲಿ ಲಂಡನ್ ಪ್ರದರ್ಶನದಲ್ಲಿಟ್ಟ ಕೊಹಿನೂರ್ ನೋಡಿ ಜನ ‘ಇಷ್ಟೇನಾ?’ ಅಂದರಂತೆ. ಮರುವರ್ಷ ಮತ್ತೆ ಕತ್ತರಿಸಿದರು. 186 ಕ್ಯಾರಟ್ಟಿನದು ಸುಮಾರು 105ಕ್ಕೆ ಇಳಿಯಿತು. ತೂಕ ಹೋಯಿತು, ಹೊಳಪು ಬಂತು.

“ಹಾಗಾದರೆ ಅಂಗಡಿಯಲ್ಲಿ ಮಿನುಗಿದ್ದು?”

“ಅಲ್ಲಿನ ಲೈಟಿಗೆ ಸೋಡಾ ಬಾಟಲಿ ಚೂರೂ ಮಿನುಗುತ್ತೆ. ಬಾಗಿಲ ಹತ್ತಿರ ತಂದು ನೋಡು. ಆಮೇಲೆ ನೆಲದಿಂದ ತೆಗೆದದ್ದೋ ಲ್ಯಾಬಿನಲ್ಲಿ ಬೆಳೆಸಿದ್ದೋ ಕೇಳು. ಕೈಯಲ್ಲಿ ಹಿಡಿಯೋ ಮಾಮೂಲಿ ಟೆಸ್ಟರ್ ಎರಡಕ್ಕೂ ಕುಂಯ್ ಅನ್ನುತ್ತೆ, ಯಾಕಂದರೆ ಎರಡೂ ವಜ್ರವೇ. ಸರ್ಟಿಫಿಕೇಟಿನಲ್ಲಿ ಬರೆದಿರಬೇಕು. ಲ್ಯಾಬಿನದು ಅಗ್ಗ, ಮಾರೋಕೆ ಹೋದರೆ ಇನ್ನೂ ಅಗ್ಗ.”

ಸೀನ ಎಲ್ಲ ಫೋನಿನಲ್ಲಿ ಬರೆದುಕೊಂಡ. “ಅಕ್ಕ, ಭಾನುವಾರ ನೀವೇ ಬಂದುಬಿಡಿ.”

“ಬರ್ತೀನಿ. ನಿನ್ನ ಹೆಂಡತಿಗೆ ಯಾವ ಮಾದರಿ ಇಷ್ಟವಂತೆ?”

“ಅವಳಿಗಿನ್ನೂ ಹೇಳಿಲ್ಲ. ಸರ್ಪ್ರೈಸು.”

ವನಜಕ್ಕ ಲೋಟ ಕೆಳಗಿಟ್ಟರು. “ಹಾಗಾದರೆ ಬಣ್ಣ, ಕಟ್ಟು ಎಲ್ಲ ಆಮೇಲೆ. ಮೊದಲು ಎಕ್ಸ್‌ಚೇಂಜಿಗೆ ಎಷ್ಟು ಕಳೀತಾರೆ, ಅದನ್ನು ಬರೆಸ್ಕೋ.”