ಹಾಸಿಗ್ಯಾಗ 9 ತಾಸು, ನಿದ್ದಿ ಬರೇ ಐದೂವರಿ: ವ್ಯಾಳೆ ಹೆಂಗ ಕಟ್ಟಬೇಕು?

ಪ್ರಶ್ನೆ (ವಿಜಯಪುರ):
ಕಾಕಾಗ 62 ವರ್ಷ. ಆರು ತಿಂಗಳಿಂದ ನಿದ್ದಿ ಸರಿ ಇಲ್ರಿ. ಎರಡು ವಾರ ಬರದಿಟ್ಟ ಲೆಕ್ಕ: ರಾತ್ರಿ 9ಕ್ಕ ಮಲಗೂದು, ಮುಂಜಾನೆ 6ಕ್ಕ ಏಳೂದು, ನಿದ್ದಿ ಸರಾಸರಿ 5.5 ತಾಸು. ನಿದ್ದಿಗಂತ ಅಲ್ಪ್ರಾಜೋಲಾಮ್ 0.25 ಮಿ.ಗ್ರಾಂ ಗುಳಿಗಿ ನಾಕು ತಿಂಗಳಿಂದ ನಡದದ. ನಿದ್ದಿ ಗಟ್ಟಿ ಆಗಲಿಕ್ಕೆ ಹಾಸಿಗಿ ಟೈಮ್ ಕಡಿಮಿ ಮಾಡ್ರಿ ಅಂತಾರಲ್ಲ, ಎಷ್ಟಕ್ಕ ತರಬೇಕು?

ನವನಗರ, ಬಾಗಲಕೋಟಿ:
9 ತಾಸಿನ್ಯಾಗ 5.5 ಅಂದ್ರ 61%. ಹಾಸಿಗ್ಯಾಗ ಇದ್ದ ಹೊತ್ತಿನ್ಯಾಗ ನಿದ್ದಿ 85% ಮುಟ್ಟಬೇಕು. ಏಳೂದು 6ಕ್ಕೇ ಇರ್ಲಿ, ಸಂತಿ ಇರಲಿ ಜಾತ್ರಿ ಇರಲಿ. ಮಲಗೂದು 12:30ಕ್ಕ. ಒಂದು ವಾರದ ಸರಾಸರಿ 85% ದಾಟಿದ್ರ 15 ನಿಮಿಷ ಮೊದಲ ಮಲಗಸ್ರಿ, 80%ಕ್ಕಿಂತ ಕೆಳಗ ಇದ್ರ 15 ನಿಮಿಷ ಕಡೀರಿ. ಹಾಸಿಗಿ ಟೈಮ್ 5 ತಾಸಿಗಿಂತ ಕೆಳಗ ಮಾತ್ರ ಇಳಸಬ್ಯಾಡ್ರಿ. ಮೊದಲನೇ ವಾರ ಹಗಲೆಲ್ಲಾ ತೂಕಡಿಕಿ ಬರ್ತದ, ಭಾಳ ಮಂದಿ ಕೈ ಬಿಡೂದು ಅಲ್ಲೇ. ಆ ದಿನ ಗಾಡಿ ಹೊಡೀಬಾರದು. ಮೂರ್ಛಿ ರೋಗ, ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯೂ ಕಾಯಿಲಿ) ಇದ್ದವರು ಡಾಕ್ಟರ್ ಇಲ್ದ ಇದನ್ನ ಮಾಡಬಾರದು.

ಹಾಸಿಗ್ಯಾಗ ಸುಮಾರು 20 ನಿಮಿಷ ಎಚ್ಚರ ಅನಿಸಿದ್ರ ಎದ್ದು ಹೊರಗ ಕೂಡಬೇಕು, ಕಣ್ಣು ಎಳದಾಗಷ್ಟ ತಿರುಗಿ ಹೋಗಬೇಕು. ಗಡಿಯಾರ ನೋಡೂದು ಬ್ಯಾಡ, ಅಂದಾಜು ಸಾಕು.

ಶಹಾಪುರ, ಬೆಳಗಾವಿ:
ಲೆಕ್ಕ ಬರೋಬರಿ, ಆದ್ರ ಒಂದು ಮಾತು ಮೊದಲ ಕೇಳಬೇಕಿತ್ತು: ಕಾಕಾ ಗೊರಕಿ ಹೊಡೀತಾರೇನು, ನಡುವ ಉಸಿರು ಕಟ್ಟತದೇನು? ಹಂಗಿದ್ರ ಅದು ಸ್ಲೀಪ್ ಆಪ್ನಿಯಾ ಇರಬಹುದು. ಆ ಗುಳಿಗಿ ಉಸಿರಾಟ ಇನ್ನಷ್ಟು ಕೆಡಸತದ. ರಾತ್ರಿ ಕಾಲು ಚಡಪಡಿಸಿದ್ರ ರಕ್ತದಾಗ ಫೆರಿಟಿನ್ (ಮೈಯಾಗಿನ ಕಬ್ಬಿಣದ ಸಂಗ್ರಹ ತೋರಸೂದು) ನೋಡಸ್ರಿ.

ಗುಳಿಗಿ ಒಮ್ಮೆಲೇ ನಿಲ್ಲಸಬ್ಯಾಡ್ರಿ, ಫಿಟ್ಸ್ ಬರೂ ಸಂಭವ ಅದ. ಬರದುಕೊಟ್ಟ ಡಾಕ್ಟರೇ ಹಂತಹಂತವಾಗಿ ಇಳಸಬೇಕು. ನಿಲ್ಲಿಸಿದ ಮ್ಯಾಲೆ ಕೆಲವು ರಾತ್ರಿ ನಿದ್ದಿ ಮೊದಲಿಗಿಂತ ಕೆಡಬಹುದು. ಅದನ್ನ ನೋಡಿ ‘ಗುಳಿಗಿ ಬೇಕೇ ಬೇಕು’ ಅಂತ ತಿರುಗಿ ಶುರು ಮಾಡತಾರ, ತಪ್ಪು ಅದ ಅಲ್ಲೇ.

ಇನ್ನ ಚಹಾ. ಕೆಫೀನ್ ಅರ್ಧ ಇಳೀಲಿಕ್ಕೇ ಸುಮಾರು 5 ತಾಸು ಬೇಕು, ಮಧ್ಯಾಹ್ನ ಎರಡರ ಮ್ಯಾಲೆ ಕಪ್ಪು ಮುಟ್ಟೂದು ಬ್ಯಾಡ. ವಿಜಯಪುರದ ಬ್ಯಾಸಗ್ಯಾಗ ಸ್ಲ್ಯಾಬ್ ಮಧ್ಯರಾತ್ರಿ ತನಕ ಕಾವು ಬಿಡತದ, ಮೈ ತಣ್ಣಗಾಗದ ನಿದ್ದಿ ಹತ್ತಂಗಿಲ್ಲ. ಮಾಳಗಿ ಮ್ಯಾಲೆ ಮಲಗೂದು ಒಳ್ಳೇದ.

ಪ್ರಶ್ನೆ ಕೇಳಿದವರು:
ಗೊರಕಿ ಇಲ್ರಿ. ಊಟ ಆದಮ್ಯಾಲೆ ಒಂದು ತಾಸು ಅಡ್ಡಾಗೂದು ಬಿಡಸಬೇಕೇನು?

ನವನಗರ, ಬಾಗಲಕೋಟಿ:
ಪೂರಾ ಬಿಡಸ್ರಿ. ತಡೀಲಾರದಾದ್ರ ಮೂರರ ಒಳಗ 20 ನಿಮಿಷ, ಅಲಾರಾಂ ಇಟ್ಟು, ಕುರ್ಚಿ ಮ್ಯಾಲೆ. ಹೊರಸು ಕಂಡ್ರ ಒಂದು ತಾಸು ಹೋತು ಅಂತನ ಲೆಕ್ಕ.