ಗೋಡೆ ‘ಒಸರುವುದು’, ಗೋಡೆ ‘ಬೆವರುವುದು’: ನೆಲಮಾಳಿಗೆಯ ತೇವಕ್ಕೆ ಪದಗಳು

ಗೆಳೆಯರಿಗೆ ನಮಸ್ಕಾರ.

ಗಾರೆ ಕೆಲಸದವರಿಗೂ ಮನೆ ಕಟ್ಟಿಸುವವರಿಗೂ ಉಪಯೋಗವಾಗಲೆಂದು ನೆಲಮಾಳಿಗೆಯ ತೇವದ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ನೆರವು ಬೇಕು.

ಬಸವನಗುಡಿಯ ನಮ್ಮ ಮನೆಯ ಕೆಳಗೆ ಪುಸ್ತಕಗಳನ್ನಿಡುವ ಒಂದು ಕೋಣೆಯಿದೆ. ಕಳೆದ ಮಳೆಗಾಲದಲ್ಲಿ ಅದರ ಎರಡು ಗೋಡೆಗಳು ಒದ್ದೆಯಾದವು. ನೋಡಲು ಬಂದ ಮೇಸ್ತ್ರಿ ಎರಡಕ್ಕೂ ‘ಡ್ಯಾಂಪ್’ ಎಂದರು, ಎರಡಕ್ಕೂ ಒಳಗಿನಿಂದ ಒಂದೇ ಬಣ್ಣ ಬಳಿಯಲು ಹೇಳಿದರು. ನಮ್ಮ ಅಮ್ಮ ಮಾತ್ರ ಮೂಲೆಯ ಗೋಡೆಯನ್ನು ಮುಟ್ಟಿ ‘ಇದು ಒಸರುತ್ತಿದೆ’ ಎಂದರು, ಎದುರಿನದನ್ನು ಮುಟ್ಟಿ ‘ಇದು ಬೆವರುತ್ತಿದೆ’ ಎಂದರು.

ಪರೀಕ್ಷಿಸಿ ನೋಡಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಎರಡೂ ಗೋಡೆಗಳಿಗೆ ನಾಲ್ಕು ಅಂಚಿಗೂ ಟೇಪು ಹಚ್ಚಿ ಎರಡು ದಿನ ಬಿಟ್ಟೆ. ಮೂಲೆಯ ಗೋಡೆಯಲ್ಲಿ ಹಾಳೆಯ ಹಿಂಬದಿಗೆ ನೀರು ಕೂತಿತ್ತು, ಅಂದರೆ ಅದು ಮಣ್ಣಿನಿಂದ ಗೋಡೆಯೊಳಗೆ ಹಾದು ಬಂದದ್ದು. ಎದುರಿನ ಗೋಡೆಯಲ್ಲಿ ಹನಿಗಳು ಹಾಳೆಯ ಈಚೆ, ಕೋಣೆಯ ಕಡೆಗಿದ್ದವು: ಗಾಳಿಯ ಆವಿ ತಣ್ಣನೆಯ ಮೈಗೆ ತಾಗಿ ನೀರಾದದ್ದು. ಅಮ್ಮನ ಎರಡು ಕ್ರಿಯಾಪದಗಳಲ್ಲೇ ರೋಗನಿರ್ಣಯ ಇತ್ತು!

ಈ ವ್ಯತ್ಯಾಸ ಕಳೆದುಹೋದರೆ ಮದ್ದೂ ತಪ್ಪುತ್ತದೆ. ಒಸರುವ ಗೋಡೆಗೆ ಒಳಗಿನಿಂದ ಬಣ್ಣ ಬಳಿದರೆ ನೀರು ಅದನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಹೊರಗೆ ಅಗೆದು ನೀರನ್ನು ತಡೆದು, ಬೇರೆ ಕಡೆಗೆ ಹರಿಸಬೇಕು. ಬೆವರುವ ಗೋಡೆಗೆ ಅಗೆತ ವ್ಯರ್ಥ. ಕೋಣೆಯ ಗಾಳಿ 27 ಡಿಗ್ರಿ ಸೆಲ್ಸಿಯಸ್ ಇದ್ದು ಸಾಪೇಕ್ಷ ಆರ್ದ್ರತೆ ಶೇ. 70 ಇದ್ದರೆ, ಸುಮಾರು 21 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯಾದರೂ ಬೆವರುತ್ತದೆ. ಮಳೆಗಾಲದಲ್ಲಿ ಕಿಟಕಿ ತೆರೆದಿಟ್ಟರೆ ಕೆಲವೊಮ್ಮೆ ಅದು ಹೆಚ್ಚುವುದೂ ಉಂಟು. ಈ 21ಕ್ಕೆ ‘ಇಬ್ಬನಿ ಬಿಂದು’ ಎಂದು ಬರೆದಿದ್ದೇನೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಅನುಮಾನವಿರುವುದು ‘ನಿರೋಧಕ’ದಲ್ಲಿ. ಕೆನಡಾದಂತಹ ಚಳಿ ನಾಡುಗಳಲ್ಲಿ ನೆಲಮಾಳಿಗೆಯ ಗೋಡೆಯ ಹೊರಮೈಗೆ, ಮಣ್ಣಿನ ಕಡೆಗೆ, ಶಾಖವನ್ನು ತಡೆಯುವ ಗಟ್ಟಿ ಪಾಲಿಸ್ಟೈರೀನ್ (ಥರ್ಮೊಕೋಲ್ ಜಾತಿಯ) ಹಲಗೆ ಹೊದಿಸುತ್ತಾರೆ. ಆಗ ಕಾಂಕ್ರೀಟು ಕೋಣೆಯ ಬಿಸುಪಿಗೆ ಹತ್ತಿರವಿದ್ದು ಬೆವರುವುದಿಲ್ಲ. ಅದೇ ಹೊದಿಕೆಯನ್ನು ಅಜಾಗರೂಕತೆಯಿಂದ ಒಳಗೆ ಹಾಕಿದರೆ ಗೋಡೆ ಇನ್ನೂ ತಣ್ಣಗಾಗಿ, ಹಲಗೆಯ ಹಿಂದೆ ನುಸುಳಿದ ಆವಿ ಅಲ್ಲೇ ನೀರಾಗಿ ಬೂಷ್ಟು ಹಿಡಿಯುತ್ತದೆ. ಇದನ್ನು ವಿವರಿಸುವಾಗ ‘ಜಲನಿರೋಧಕ’, ‘ಉಷ್ಣನಿರೋಧಕ’, ‘ಆವಿನಿರೋಧಕ’ ಎಂದು ಒಂದೇ ಪುಟದಲ್ಲಿ ಬರೆದೆ. ಓದಿದ ಮೇಸ್ತ್ರಿಗೆ ಮೂರೂ ನೀರು ತಡೆಯುವ ಸಾಮಗ್ರಿಗಳೇ ಎಂದು ತೋರಿತು. ತಪ್ಪು ಅವರದಲ್ಲ, ನನ್ನ ಪದಗಳದು.

‘ನೀರುತಡೆ, ಶಾಖತಡೆ, ಆವಿತಡೆ’ ಎಂದರೆ ಹೇಗೆ? ‘ಬೆಚ್ಚುಹೊದಿಕೆ’ಯನ್ನೂ ಯೋಚಿಸಿದ್ದೆ, ಆದರೆ ಬೆಂಗಳೂರಿನ ತಾರಸಿಗಳ ಮೇಲೆ ಇದೇ ಹಲಗೆಯನ್ನು ಹಾಕುವುದು ಬಿಸಿಲಿನ ಶಾಖ ಒಳಗಿಳಿಯದಿರಲೆಂದು, ಆದ್ದರಿಂದ ಕೈಬಿಟ್ಟೆ.

ಇನ್ನೊಂದು ಪದ ‘ಪಸೆ’. ‘ಬಾಯಿಯ ಪಸೆ ಆರಿತು’ ಎನ್ನುತ್ತೇವಲ್ಲ, ಹಾಗೆ ಮೇಲ್ಮೈ ಒಣಗಿದಂತೆ ಕಂಡರೂ ಗೋಡೆಯ ಒಳಗೆ ಉಳಿದ ನೀರಿಗೆ ಇದು ಹೊಂದುತ್ತದೆ ಎಂಬುದು ನನ್ನ ಎಣಿಕೆ. ‘ತೇವಾಂಶ’ಕ್ಕಿಂತ ಹತ್ತಿರದ ಪದ.

ಒಸರುವ ಗೋಡೆಯ ನೀರು ಆರಿದ ಮೇಲೆ ಉಳಿಯುವ ಬಿಳಿ ಹುಡಿಗೆ ನಮ್ಮಲ್ಲಿ ‘ಉಪ್ಪು ಬಿಟ್ಟಿದೆ’ ಎನ್ನುತ್ತಾರೆ. ಬೆವರಿಗೆ ಆ ಗುರುತು ಇರುವುದಿಲ್ಲವಾದ್ದರಿಂದ ಈ ಮಾತು ಕೈಪಿಡಿಗೆ ಮುಖ್ಯ. ನಿಮ್ಮ ಊರುಗಳಲ್ಲಿ ಇದಕ್ಕೆ ಒಂದೇ ಹೆಸರುಪದ ಇದೆಯೇ? ಮಲೆನಾಡಿನವರು, ಕರಾವಳಿಯವರು ಮಳೆಗಾಲದ ಒದ್ದೆ ನೆಲಕ್ಕೂ ‘ಬೆವರು’ ಎನ್ನುತ್ತಾರೆಯೇ, ಬೇರೆ ಮಾತಿದೆಯೇ? ಮನೆಯ ಹಿರಿಯರನ್ನು ಕೇಳಿ, ಅವರು ಆಡಿದ ವಾಕ್ಯವನ್ನು ಇದ್ದ ಹಾಗೆಯೇ ಬರೆದು ಕಳುಹಿಸಿ.